ಚೆಂಡು ತಡೆದವಳ ತಲೆಗೆ ಬಿದ್ದ ಪೆಟ್ಟು

ಮನೆಯ ಚಿನ್ನ ಅಡವಿಡುವ ಸಂಕಟ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಗೊತ್ತು. ಆಸ್ಪತ್ರೆಯ ಬಿಲ್ಲಿಗೋ ಮಗಳ ಕಾಲೇಜು ಫೀಸಿಗೋ ಬಳೆ ಬ್ಯಾಂಕು ಸೇರುತ್ತದೆ. ಬಿಡಿಸಿಕೊಳ್ಳುವ ದಿನ ಬಂದೀತೋ ಇಲ್ಲವೋ ಎಂಬ ಕಳವಳ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಅಮೆರಿಕದ ಬ್ರಿಯಾನಾ ಸ್ಕರಿ ಗಿರವಿ ಅಂಗಡಿಗೆ ಒಯ್ದದ್ದು ಎರಡು ಒಲಿಂಪಿಕ್ ಚಿನ್ನದ ಪದಕಗಳನ್ನು. ಒಂದು 1996ರದ್ದು, ಇನ್ನೊಂದು 2004ರದ್ದು. ಕೈಗೆ ಸಿಕ್ಕಿದ್ದು 18,000 ಡಾಲರ್. ಬಾಡಿಗೆ ಕಟ್ಟಬೇಕಿತ್ತು, ಹೊಟ್ಟೆ ತುಂಬಬೇಕಿತ್ತು, ಬಿಡದೆ ಕಾಡುವ ತಲೆನೋವಿಗೆ ಔಷಧ ಹುಡುಕಬೇಕಿತ್ತು.

ಇದೇ ಹೆಣ್ಣುಮಗಳು 1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ, ರೋಸ್ ಬೌಲ್ ಕ್ರೀಡಾಂಗಣದಲ್ಲಿ, 90,185 ಜನರ ಎದುರು ಚೀನಾದ ಪೆನಾಲ್ಟಿಯೊಂದನ್ನು ತಡೆದು ತನ್ನ ದೇಶಕ್ಕೆ ವಿಶ್ವಕಪ್ ತಂದುಕೊಡಲು ಕಾರಣಳಾದವಳು. ಅಮೆರಿಕದ ಪರ 170ಕ್ಕೂ ಹೆಚ್ಚು ಪಂದ್ಯಗಳಲ್ಲಿ ಗೋಲು ಕಾದವಳು. ಅಲ್ಲಿಂದ ಇಲ್ಲಿಗೆ ಬರುವುದು ಹೇಗೆ ಸಾಧ್ಯವಾಯಿತು? ದುಂದುವೆಚ್ಚವಿಲ್ಲ, ಕೆಟ್ಟ ಚಟವಿಲ್ಲ, ಹಗರಣವಿಲ್ಲ. ಒಂದು ಮೊಣಕಾಲು ಬಂದು ತಲೆಗೆ ಬಡಿಯಿತು. ಅಷ್ಟೇ.

ಬ್ರಿಯಾನಾ ಹುಟ್ಟಿದ್ದು 1971ರ ಸೆಪ್ಟೆಂಬರ್ 7ರಂದು, ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ. ಒಂಬತ್ತು ಮಕ್ಕಳಲ್ಲಿ ಕೊನೆಯವಳು. ಬೆಳೆದದ್ದು ಡೇಟನ್ ಎಂಬ ಹೊರವಲಯದ ಊರಿನಲ್ಲಿ. ಸುತ್ತಲೂ ಬಿಳಿಯರ ಮನೆಗಳೇ, ನಡುವೆ ಇವರದೊಂದು ಕಪ್ಪು ಕುಟುಂಬ. ವರ್ಷದಲ್ಲಿ ತಿಂಗಳುಗಟ್ಟಲೆ ಹಿಮ ಬೀಳುವ ಆ ಸೀಮೆಯಲ್ಲಿ ಐಸ್ ಹಾಕಿಯೇ ದೊಡ್ಡ ಆಟ. 1980ರಲ್ಲಿ ಲೇಕ್ ಪ್ಲ್ಯಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ಹಾಕಿ ತಂಡ ಬಲಾಢ್ಯ ಸೋವಿಯತ್ ಒಕ್ಕೂಟವನ್ನು ಸೋಲಿಸಿದಾಗ ಎಂಟು ವರ್ಷದ ಹುಡುಗಿ ಟಿವಿಯ ಮುಂದೆ ಕುಳಿತಿದ್ದಳು. ತಾನೂ ಒಲಿಂಪಿಕ್ಸ್‌ಗೆ ಹೋಗಬೇಕು ಎಂದು ಅಂದೇ ತೀರ್ಮಾನವಾಯಿತು. ಯಾವ ಆಟದಲ್ಲಿ ಎಂಬುದು ಮಾತ್ರ ಇನ್ನೂ ಗೊತ್ತಿರಲಿಲ್ಲ.

ಫುಟ್‌ಬಾಲ್ ಆಡಲು ಹೋದಾಗ ಸಿಕ್ಕಿದ್ದು ಹುಡುಗರ ತಂಡ. ಹುಡುಗಿಗೆ ಪೆಟ್ಟಾಗಬಾರದು, ಗೋಲಿನಲ್ಲಿ ನಿಲ್ಲಿಸಿದರೆ ಕ್ಷೇಮ ಎಂದು ಕೋಚ್ ಲೆಕ್ಕ ಹಾಕಿದ. ಗೋಲ್‌ಕೀಪರ್ ಕೆಲಸವನ್ನು ಹತ್ತಿರದಿಂದ ನೋಡಿದ ಯಾರೂ ಅದನ್ನು ಕ್ಷೇಮದ ಜಾಗ ಎನ್ನಲಾರರು. ಉಳಿದ ಹತ್ತು ಮಂದಿ ಚೆಂಡನ್ನು ಕಾಲಿನಿಂದ ಆಡುತ್ತಾರೆ. ಗೋಲ್‌ಕೀಪರ್ ಮಾತ್ರ ಓಡಿಬರುವ ಕಾಲುಗಳ ನಡುವೆ ತಲೆ ಮುಂದಿಟ್ಟು, ಕೈ ಚಾಚಿ, ನೆಲಕ್ಕೆ ಬೀಳಬೇಕು. ಬೀಳುವುದೇ ಅವಳ ವಿದ್ಯೆ. ಈ ಹುಡುಗಿಗೆ ಆ ವಿದ್ಯೆ ಬೇಗ ಒಲಿಯಿತು. 1989ರಲ್ಲಿ ಅವಳ ಅನೋಕಾ ಹೈಸ್ಕೂಲ್ ರಾಜ್ಯ ಚಾಂಪಿಯನ್ ಆಯಿತು. ಬಾಸ್ಕೆಟ್‌ಬಾಲ್‌ನಲ್ಲೂ ಅವಳು ಅಷ್ಟೇ ಚುರುಕು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುತ್ತ, ಮುಂದೆ ವಕೀಲಿಕೆ ಕಲಿಯುವ ಯೋಚನೆಯಲ್ಲಿದ್ದವಳು ಆಕೆ. ಕೋಚ್ ಜಿಮ್ ರೂಡಿ ಅವಳನ್ನು ತಿದ್ದಿ ತೀಡಿದರು. ಕಾಲೇಜಿನ 65 ಪಂದ್ಯಗಳಲ್ಲಿ 37ರಲ್ಲಿ ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. 1994ರ ಮಾರ್ಚ್‌ನಲ್ಲಿ ಪೋರ್ಚುಗಲ್ ವಿರುದ್ಧ ರಾಷ್ಟ್ರೀಯ ತಂಡದ ಅಂಗಿ ತೊಟ್ಟಾಗ ಲಾ ಕಾಲೇಜಿನ ಕನಸು ಹಿಂದೆ ಸರಿಯಿತು. ಆ ಪಂದ್ಯದಲ್ಲೂ ಗೋಲು ಬಿಡಲಿಲ್ಲ. ಮರುವರ್ಷ ಸ್ವೀಡನ್‌ನಲ್ಲಿ ನಡೆದ ವಿಶ್ವಕಪ್‌ಗೆ ಹೋಗುವಾಗ ಅಮೆರಿಕದ ಗೋಲು ಅವಳದೇ ಆಗಿತ್ತು. ಸೆಮಿಫೈನಲ್‌ನಲ್ಲಿ ನಾರ್ವೆ ಒಂದು ಗೋಲಿನಿಂದ ಗೆದ್ದಿತು, ಅಮೆರಿಕಕ್ಕೆ ಮೂರನೇ ಸ್ಥಾನ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳಾ ಫುಟ್‌ಬಾಲ್ ಸೇರಿತು. ಐದು ಪಂದ್ಯಗಳಲ್ಲಿ ಆಕೆ ಬಿಟ್ಟ ಗೋಲು ಮೂರೇ ಮೂರು. ಆಗಸ್ಟ್ 1ರ ಫೈನಲ್ ನಡೆದದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ. ಚೀನಾ ವಿರುದ್ಧ 2–1ರ ಗೆಲುವು. ಮುಂದೆ ಎಂಟು ವರ್ಷಕ್ಕೆ ಗ್ರೀಸಿನ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಇನ್ನೊಂದು ಚಿನ್ನ. ಎರಡೂ ಪದಕ ಅಥೆನ್ಸ್ ಎಂಬ ಹೆಸರಿಗೇ ಅಂಟಿಕೊಂಡದ್ದು ಸೋಜಿಗ.

ಇನ್ನು ಆ 1999ರ ಜುಲೈ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ಎದುರು, ಪಂದ್ಯ ಶುರುವಾಗಿ ಐದೇ ನಿಮಿಷಕ್ಕೆ ಡಿಫೆಂಡರ್ ಬ್ರಾಂಡಿ ಚಾಸ್ಟೇನ್ ಹಿಂದೆ ನೋಡದೆ ಗೋಲ್‌ಕೀಪರ್‌ಗೆಂದು ಚೆಂಡು ತಳ್ಳಿದಳು. ಅಷ್ಟರಲ್ಲಿ ಬ್ರಿಯಾನಾ ಆ ಚೆಂಡಿಗೇ ಮುಂದೆ ಓಡಿಬಂದಿದ್ದಳು. ಚೆಂಡು ಅವಳನ್ನು ದಾಟಿ ಸ್ವಂತ ಗೋಲಿಗೇ ಉರುಳಿತು. ಅಂಥ ಗಳಿಗೆಯಲ್ಲಿ ಒಬ್ಬರನ್ನೊಬ್ಬರು ದೂರುತ್ತ ನಿಂತ ತಂಡಗಳು ಮನೆಗೆ ಹೋಗುತ್ತವೆ. ಇವರು ಹೋಗಲಿಲ್ಲ, 3–2ರಿಂದ ಗೆದ್ದರು. ಚಾಸ್ಟೇನ್ ತಾನೇ ಒಂದು ಗೋಲು ಹೊಡೆದು ಸಾಲ ತೀರಿಸಿದಳು. ಸೆಮಿಫೈನಲ್ ಬ್ರೆಜಿಲ್ ಎದುರು. ಅಂಕಪಟ್ಟಿ ಅಮೆರಿಕ 2, ಬ್ರೆಜಿಲ್ 0 ಎನ್ನುತ್ತದೆ. ಬ್ರೆಜಿಲ್ ಆಟಗಾರ್ತಿಯರು ಮತ್ತೆ ಮತ್ತೆ ಗೋಲಿನ ಬಾಯಿಗೆ ಬಂದು, ಬ್ರಿಯಾನಾಳ ಕೈಗೆ ಚೆಂಡು ಕೊಟ್ಟು ಹಿಂತಿರುಗಿದ್ದನ್ನು ಅದು ಹೇಳುವುದಿಲ್ಲ. ಗೋಲ್‌ಕೀಪರಳ ಒಳ್ಳೆಯ ದಿನಕ್ಕೆ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಎಂದು ಬರೆಯುತ್ತಾರೆ. ಅವಳ ಕೆಟ್ಟ ದಿನಕ್ಕೆ ಮಾತ್ರ ಅಂಕಿ ಸಿಗುತ್ತದೆ.

ಫೈನಲ್ ದಿನ ಕ್ಯಾಲಿಫೋರ್ನಿಯಾದ ಸುಡು ಬಿಸಿಲು. ತೊಂಬತ್ತು ನಿಮಿಷ ಗೋಲಿಲ್ಲ. ಆಗ ಗೋಲ್ಡನ್ ಗೋಲ್ ನಿಯಮವಿತ್ತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದವರಿಗೆ ಅಲ್ಲಿಗೇ ಕಪ್. ಆ ಅವಧಿಯಲ್ಲಿ ಚೀನಾದ ಕಾರ್ನರ್ ಕಿಕ್‌ಗೆ ಫಾನ್ ಯುನ್‌ಜೀ ತಲೆ ಕೊಟ್ಟಳು. ಬ್ರಿಯಾನಾ ಚೆಂಡನ್ನು ಮುಟ್ಟಲಾಗಲಿಲ್ಲ. ಗೋಲು ಗೆರೆಯ ಮೇಲೆ ನಿಂತಿದ್ದ ಕ್ರಿಸ್ಟೀನ್ ಲಿಲ್ಲಿ ತಲೆಯಿಂದಲೇ ಅದನ್ನು ಆಚೆಗೆ ತಳ್ಳಿದಳು. ಅಲ್ಲಿ ಲಿಲ್ಲಿ ಇಲ್ಲದಿದ್ದರೆ ಮುಂದಿನದು ಯಾವುದೂ ಇಲ್ಲ. 120 ನಿಮಿಷ ಮುಗಿದು ಪೆನಾಲ್ಟಿಗೆ ಬಂತು.

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಚೆಂಡು ಇಡುವುದು 11 ಮೀಟರ್ ದೂರದಲ್ಲಿ. ಗಟ್ಟಿಯಾಗಿ ಒದ್ದ ಚೆಂಡು ಅರ್ಧ ಸೆಕೆಂಡಿನ ಒಳಗೇ ಬಂದುಬಿಡುತ್ತದೆ. ಅದನ್ನು ನೋಡಿ, ದಿಕ್ಕು ತಿಳಿದು, ಆಮೇಲೆ ಹಾರಿದರೆ ಮೂಲೆಗೆ ತಲುಪುವುದು ಅಸಾಧ್ಯ. ಆದ್ದರಿಂದ ಒದೆಯುವವಳ ಸೊಂಟ, ಊರಿದ ಪಾದ, ಓಡಿಬರುವ ಓರೆ, ಇವನ್ನು ಓದಿ ಮುಂಚಿತವಾಗಿಯೇ ಒಂದು ಕಡೆಗೆ ಮನಸ್ಸು ಮಾಡಬೇಕು. ಪೆನಾಲ್ಟಿಯಲ್ಲಿ ಒದೆಯುವವರು ಗೆಲ್ಲುವುದೇ ಹೆಚ್ಚು. ಗೋಲ್‌ಕೀಪರಳಿಗೆ ಸಿಗುವುದು ಹೆಚ್ಚೆಂದರೆ ಒಂದು ಅವಕಾಶ. ಅದು ಬಂದಾಗ ಗುರುತಿಸಬೇಕು.

ಮೊದಲ ಎರಡು ಸುತ್ತಿನಲ್ಲಿ ಎರಡೂ ಕಡೆಯವರು ತಪ್ಪಲಿಲ್ಲ. ಒದೆಯಲು ಬರುವವಳನ್ನು ಬ್ರಿಯಾನಾ ಸಾಮಾನ್ಯವಾಗಿ ನೋಡುತ್ತಿರಲಿಲ್ಲ. ತನ್ನ ಗೆರೆ, ತನ್ನ ಉಸಿರು, ಅಷ್ಟರಲ್ಲೇ ಇರುತ್ತಿದ್ದಳು. ಮೂರನೆಯವಳಾಗಿ ಲಿಯು ಯಿಂಗ್ ನಡುವೃತ್ತದಿಂದ ಬರುವಾಗ ಯಾಕೋ ಕತ್ತೆತ್ತಿ ನೋಡಿದಳು. ಆ ನಡಿಗೆಯಲ್ಲಿ ದಣಿವಿತ್ತು, ಭುಜ ಇಳಿದಿತ್ತು, ಕಣ್ಣಿನಲ್ಲಿ ನಿಶ್ಚಯವಿರಲಿಲ್ಲ. ಇದೇ ಆ ಒಂದು ಎಂದು ತನಗೆ ಆಗಲೇ ಅನ್ನಿಸಿಬಿಟ್ಟಿತು ಎಂದು ಆಕೆ ಅನಂತರ ಅನೇಕ ಸಲ ಹೇಳಿಕೊಂಡಿದ್ದಾಳೆ. ಲಿಯು ಒದ್ದಳು, ಬ್ರಿಯಾನಾ ಎಡಕ್ಕೆ ಹಾರಿದಳು, ಚಾಚಿದ ಕೈಗೆ ಬಡಿದ ಚೆಂಡು ಗೋಲಿನಿಂದಾಚೆ ಹೋಯಿತು. ಎದ್ದವಳೇ ಎರಡು ಮುಷ್ಟಿ ಬಿಗಿದು ಕೂಗಿದಳು. ಉಳಿದ ಎಲ್ಲ ಒದೆತಗಳೂ ಗೋಲಾದವು. ಐದನೆಯದನ್ನು ಚಾಸ್ಟೇನ್ ಎಡಗಾಲಿನಿಂದ ಒದ್ದು 5–4 ಮಾಡಿದಳು.

ಚೆಂಡು ಒದೆಯುವ ಮುಂಚೆಯೇ ಆಕೆ ಗೆರೆ ಬಿಟ್ಟು ಮುಂದೆ ಬಂದಿದ್ದಳು ಎಂಬ ತಕರಾರು ಮರುದಿನದಿಂದಲೇ ಎದ್ದಿತು. ನಿಜವೇ, ಬಂದಿದ್ದಳು. ಅಂದಿನ ನಿಯಮದ ಪ್ರಕಾರ ಗೆರೆಯ ಮೇಲೆ ಅಕ್ಕಪಕ್ಕ ಸರಿಯಬಹುದಿತ್ತು, ಮುಂದೆ ಬರುವಂತಿರಲಿಲ್ಲ. ರೆಫರಿ ಮತ್ತೆ ಒದೆಯಲು ಹೇಳಬಹುದಿತ್ತು, ಹೇಳಲಿಲ್ಲ. ಆ ಕಾಲದ ಪೆನಾಲ್ಟಿಗಳ ಹಳೆಯ ದೃಶ್ಯಗಳನ್ನು ನೋಡಿದರೆ ಗಂಡಸರೂ ಹೆಂಗಸರೂ ಹೀಗೆ ಹೆಜ್ಜೆ ಮುಂದಿಟ್ಟದ್ದು, ರೆಫರಿಗಳು ಸುಮ್ಮನಿದ್ದದ್ದು ಮತ್ತೆ ಮತ್ತೆ ಕಾಣುತ್ತದೆ. ಈ ಗೊಂದಲ ಎಷ್ಟು ಕಾಲ ಎಳೆಯಿತೆಂದರೆ, ಒದೆಯುವ ಕ್ಷಣದಲ್ಲಿ ಗೋಲ್‌ಕೀಪರ್‌ನ ಒಂದು ಪಾದದ ಭಾಗವಾದರೂ ಗೆರೆಯ ನೇರಕ್ಕಿದ್ದರೆ ಸಾಕು ಎಂದು 2019ರಲ್ಲಿ ನಿಯಮವನ್ನೇ ಸಡಿಲಿಸಿದರು. ಲಿಯು ಯಿಂಗ್‌ಗೆ ಅಂದು ಅನ್ಯಾಯವಾಯಿತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆರು ಪಂದ್ಯಗಳುದ್ದಕ್ಕೂ ಗೋಲು ಕಾದವಳನ್ನು ಆ ಒಂದು ಹೆಜ್ಜೆಯಿಂದಲೇ ಅಳೆದು ಬದಿಗಿಡುವುದು ಇನ್ನೂ ದೊಡ್ಡ ಅನ್ಯಾಯ.

ಬದಿಗಿಟ್ಟದ್ದಂತೂ ಹೌದು. ಗೆಲುವಿನ ಗೋಲು ಹೊಡೆದ ಚಾಸ್ಟೇನ್ ಅಂಗಿ ಕಳಚಿ, ಕಪ್ಪು ಕ್ರೀಡಾ ಬ್ರಾದಲ್ಲಿ ಮಂಡಿಯೂರಿ ಕೂಗಿದ ಚಿತ್ರ ಅಮೆರಿಕದ ದೊಡ್ಡ ಪತ್ರಿಕೆಗಳ ಮುಖಪುಟ ಏರಿತು. ಆ ಚಿತ್ರ ಚೆನ್ನಾಗಿಯೇ ಇದೆ, ಚಾಸ್ಟೇನ್ ಅದಕ್ಕೆ ಅರ್ಹಳೇ. ತಡೆದ ಕೈಯ ಚಿತ್ರ ಮಾತ್ರ ಅಷ್ಟಾಗಿ ಯಾರ ಮನೆಯ ಗೋಡೆಗೂ ಹೋಗಲಿಲ್ಲ. ಆ ತಂಡದ ಮೊದಲ ಹನ್ನೊಂದರಲ್ಲಿ ಇದ್ದ ಒಬ್ಬಳೇ ಕಪ್ಪು ಆಟಗಾರ್ತಿ ಬ್ರಿಯಾನಾ. ತಾನು ಹೆಣ್ಣನ್ನೇ ಪ್ರೀತಿಸುವವಳು ಎಂಬುದನ್ನು ಆಕೆ ಬಚ್ಚಿಟ್ಟವಳೂ ಅಲ್ಲ. 1999ರ ಅಮೆರಿಕದ ಜಾಹೀರಾತು ಲೋಕಕ್ಕೆ ಬೇಕಿದ್ದ ಮನೆಮಗಳ ಚಿತ್ರಕ್ಕೆ ಅವಳು ಹೊಂದುತ್ತಿರಲಿಲ್ಲ ಎಂಬ ಮಾತನ್ನು ಅವಳೂ ಆಡಿದ್ದಾಳೆ. 2022ರಲ್ಲಿ ಬಂದ ಅವಳ ಬದುಕಿನ ಸಾಕ್ಷ್ಯಚಿತ್ರಕ್ಕೆ ಇಟ್ಟ ಹೆಸರು ‘ದಿ ಓನ್ಲಿ’.

ಗೆದ್ದ ವರ್ಷದ ಸಂಭ್ರಮ, ಊರೂರು ಸುತ್ತಾಟ, ಅಭ್ಯಾಸದಲ್ಲಿ ಸಡಿಲ, ಏರಿದ ತೂಕ, ಮೇಲೆ ಗಾಯ. 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಗೋಲು ಸಿರಿ ಮುಲ್ಲಿನಿಕ್ಸ್ ಪಾಲಾಯಿತು. ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್‌ಗಳು ನಾಲ್ಕು ಮಂದಿ, ಮಿಡ್‌ಫೀಲ್ಡರ್‌ಗಳು ಮೂರೋ ನಾಲ್ಕೋ; ಒಂದು ಜಾಗ ಹೋದರೆ ಇನ್ನೊಂದು ಸಿಕ್ಕೀತು. ಗೋಲ್‌ಕೀಪರ್‌ಗೆ ಇರುವುದು ಒಂದೇ ಜಾಗ. ಅದು ಹೋದರೆ ಬೆಂಚು. ಬೆಂಚಿನ ಮೇಲೆ ಕುಳಿತವಳೂ ಆಡುವವಳಷ್ಟೇ ಬೆವರು ಸುರಿಸಿ ಅಭ್ಯಾಸ ಮಾಡಬೇಕು, ಸ್ಪರ್ಧಿಗೇ ಚೆಂಡು ಒದ್ದುಕೊಟ್ಟು ಅವಳನ್ನು ತಯಾರು ಮಾಡಬೇಕು, ಕರೆ ಬರದೆಯೂ ಇರಬಹುದು ಎಂದು ಗೊತ್ತಿದ್ದೇ ಮಾಡಬೇಕು. ಬ್ರಿಯಾನಾ ಅದನ್ನು ಮಾಡಿದಳು. ಅಮೆರಿಕದ ಮೊದಲ ಮಹಿಳಾ ವೃತ್ತಿಪರ ಲೀಗ್ 2001ರಲ್ಲಿ ಶುರುವಾದಾಗ ಅಟ್ಲಾಂಟಾ ಬೀಟ್ ತಂಡದ ಗೋಲಿನಲ್ಲಿ ನಿಂತು ಮೈ ಹುರಿಗೊಳಿಸಿಕೊಂಡಳು. ತಂಡ ಎರಡು ಸಲ ಫೈನಲ್ ತಲುಪಿತು, ಎರಡು ಸಲವೂ ಸೋತಿತು. ಆ ಲೀಗ್ ಮೂರೇ ವರ್ಷ ಬದುಕಿತು. 2003ರ ವಿಶ್ವಕಪ್‌ಗೆ ಐದು ದಿನ ಇದ್ದಾಗ ಬಾಗಿಲು ಹಾಕಿತು. ದೇಶಕ್ಕಾಗಿ ಆಡಲು ಹೊರಟಿದ್ದ ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡೇ ಮೈದಾನಕ್ಕಿಳಿದರು. ಆ ಸಲ ಮೂರನೇ ಸ್ಥಾನ.

2004ರಲ್ಲಿ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ ತಂದೆ ಅರ್ನೆಸ್ಟ್ ಸ್ಕರಿ ತೀರಿಕೊಂಡರು. ಆ ದುಃಖ ಹೊತ್ತುಕೊಂಡೇ ಅಥೆನ್ಸ್‌ಗೆ ಹೋದಳು. ಫೈನಲ್‌ನಲ್ಲಿ ಮಾರ್ತಾ, ಕ್ರಿಸ್ಟಿಯಾನೆ ಇದ್ದ ಬ್ರೆಜಿಲ್ ಎಡೆಬಿಡದೆ ಮೇಲೆ ಬಿತ್ತು. ಬ್ರಿಯಾನಾ ಹಿಡಿದದ್ದು ಕೆಲವು, ಕಂಬಕ್ಕೆ ಬಡಿದದ್ದು ಕೆಲವು. ಹೆಚ್ಚುವರಿ ಅವಧಿಯಲ್ಲಿ ಆ್ಯಬಿ ವಾಂಬಾಕ್ ತಲೆಯಿಂದ ಹೊಡೆದ ಗೋಲಿಗೆ 2–1. ನನ್ನ ಮಟ್ಟಿಗೆ ಅವಳ ವೃತ್ತಿಯ ಎತ್ತರ ಇದೇ, 1999 ಅಲ್ಲ. ಅಲ್ಲಿ ಇಡೀ ಕ್ರೀಡಾಂಗಣ ಬೆನ್ನಿಗಿತ್ತು; ಇಲ್ಲಿ ಕಳೆದುಕೊಂಡ ಜಾಗವನ್ನು ಗಳಿಸಿಕೊಂಡು, ತಂದೆಯನ್ನು ಕಳೆದುಕೊಂಡು ನಿಂತಿದ್ದಳು.

2007ರ ಸೆಪ್ಟೆಂಬರ್ 27, ಚೀನಾದ ಹಾಂಗ್‌ಝೌ. ವಿಶ್ವಕಪ್ ಸೆಮಿಫೈನಲ್, ಮತ್ತೆ ಬ್ರೆಜಿಲ್. ಆ ಟೂರ್ನಿಯಲ್ಲಿ ಅಲ್ಲಿವರೆಗೆ ಗೋಲು ಕಾದದ್ದು ಹೋಪ್ ಸೋಲೊ, ಚೆನ್ನಾಗಿಯೇ ಕಾದಿದ್ದಳು. ಬ್ರೆಜಿಲ್ ವಿರುದ್ಧ ಅನುಭವ ಹೆಚ್ಚು ಎಂದು ಕೋಚ್ ಗ್ರೆಗ್ ರಯಾನ್ ಸೋಲೊಳನ್ನು ಕೂರಿಸಿ ಬ್ರಿಯಾನಾಳನ್ನು ಇಳಿಸಿದರು. ಅಮೆರಿಕ 51 ಪಂದ್ಯಗಳಿಂದ ಸೋತಿರಲಿಲ್ಲ. ಅಂದು 4–0ರಿಂದ ಸೋತಿತು. ಮೊದಲ ಗೋಲು ಸ್ವಂತದವಳ ತಲೆಯಿಂದ ಹೋದದ್ದು. ವಿರಾಮಕ್ಕೆ ಮುನ್ನ ಶಾನನ್ ಬಾಕ್ಸ್ ಕೆಂಪು ಕಾರ್ಡ್ ಪಡೆದು ಹೊರನಡೆದಳು. ಉಳಿದ ಹತ್ತು ಮಂದಿಯ ನಡುವೆ ಮಾರ್ತಾ ಮನಸೋಇಚ್ಛೆ ಆಡಿದಳು. ಪಂದ್ಯ ಮುಗಿದ ಮೇಲೆ ಸೋಲೊ ಕ್ಯಾಮೆರಾದ ಮುಂದೆ, ತಾನಿದ್ದಿದ್ದರೆ ಆ ಗೋಲುಗಳನ್ನು ಬಿಡುತ್ತಿರಲಿಲ್ಲ ಎಂಬರ್ಥದ ಮಾತಾಡಿದಳು. ಮುಂದಿನ ಮೂರನೇ ಸ್ಥಾನದ ಪಂದ್ಯಕ್ಕೆ ಅವಳನ್ನು ತಂಡದಿಂದ ದೂರವಿಟ್ಟರು. ಸೋಲೊಳ ತಂದೆ ಅದೇ ವರ್ಷ ತೀರಿಕೊಂಡಿದ್ದರು. ಅವಳ ಸಿಟ್ಟಿನ ಹಿಂದೆ ಆ ನೋವೂ ಇತ್ತು. ತಪ್ಪು ಕೋಚ್‌ನದು ಎಂದೇ ನಾನು ಹೇಳುತ್ತೇನೆ. ತಿಂಗಳುಗಟ್ಟಲೆ ಪಂದ್ಯದ ಬಿಸಿ ತಾಗದ ಗೋಲ್‌ಕೀಪರಳನ್ನು ಸೆಮಿಫೈನಲ್‌ನಲ್ಲಿ ಇಳಿಸಿದ್ದು ಇಬ್ಬರಿಗೂ ಮಾಡಿದ ದ್ರೋಹ. ಸೋಲೊ ಮರುವರ್ಷ ಬೀಜಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಳು, 2015ರಲ್ಲಿ ವಿಶ್ವಕಪ್ ಎತ್ತಿದಳು. ಬ್ರಿಯಾನಾಳ ರಾಷ್ಟ್ರೀಯ ಬದುಕು 2008ರಲ್ಲಿ ಮುಗಿಯಿತು.

ಆಟ ಮುಗಿದಿರಲಿಲ್ಲ. ಹೊಸ ವೃತ್ತಿಪರ ಲೀಗ್‌ನಲ್ಲಿ ವಾಷಿಂಗ್ಟನ್ ಫ್ರೀಡಂ ತಂಡ ಸೇರಿದಳು. 2010ರ ಏಪ್ರಿಲ್ 25, ಫಿಲಡೆಲ್ಫಿಯಾ ಇಂಡಿಪೆಂಡೆನ್ಸ್ ಎದುರು ಪಂದ್ಯ, ಮೊದಲರ್ಧ. ಎಡಗಡೆಯಿಂದ ನೆಲ ಸವರಿಕೊಂಡು ಚೆಂಡು ಬಂತು. ಸಾವಿರಾರು ಸಲ ಹಿಡಿದಂಥದೇ ಚೆಂಡು. ಬಗ್ಗಿ ಎರಡೂ ಕೈ ಚಾಚಿದಳು. ಚೆಂಡಿಗೆ ಕಾಲ್ತುದಿಯನ್ನಾದರೂ ತಾಗಿಸಬೇಕೆಂದು ಬಲಗಡೆಯಿಂದ ಓಡಿಬಂದ ಎದುರಾಳಿಯ ಮೊಣಕಾಲು ಅವಳ ತಲೆಯ ಬಲಬದಿಗೆ ಬಡಿಯಿತು. ಬರುತ್ತಿದ್ದವಳನ್ನು ಬ್ರಿಯಾನಾ ನೋಡಿರಲೇ ಇಲ್ಲ; ಪೆಟ್ಟಿಗೆ ಕುತ್ತಿಗೆ ಬಿಗಿಹಿಡಿಯಲೂ ಸಮಯ ಸಿಗಲಿಲ್ಲ. ಉರುಳುತ್ತಿದ್ದಾಗ ಮನಸ್ಸಿಗೆ ಬಂದ ಮೊದಲ ಪ್ರಶ್ನೆ: ಚೆಂಡು ಹಿಡಿದೆನೇ? ಹಿಡಿದಿದ್ದಳು.

ಎದ್ದು ನಿಂತಳು, ಆಟ ಮುಂದುವರಿಯಿತು. ಆಟಗಾರ್ತಿಯರ ಬೆನ್ನ ಮೇಲಿನ ಹೆಸರುಗಳು ಕಲಸಿಹೋಗಿ ಓದಲಾಗುತ್ತಿರಲಿಲ್ಲ. ಆದರೂ ವಿರಾಮದವರೆಗೆ ಗೋಲಿನಲ್ಲೇ ನಿಂತಳು. ಯಾರೂ ಅವಳನ್ನು ಹೊರಗೆ ಕರೆಯಲಿಲ್ಲ, ಅವಳೂ ಬರುತ್ತೇನೆ ಎನ್ನಲಿಲ್ಲ. ವಿರಾಮದಲ್ಲಿ ನಡೆದು ಬರುವಾಗ ಮೈ ಒಂದು ಕಡೆಗೆ ವಾಲುತ್ತಿತ್ತು. ತಂಡದ ಟ್ರೈನರ್ ಹತ್ತಿರ ಬಂದು ಸರಿಯಿದ್ದೀಯಾ ಎಂದು ಕೇಳಿದಾಗ, ಇಲ್ಲ ಎಂದಳು. ಅದೇ ಕೊನೆ. ಆಕೆ ಮತ್ತೆ ಯಾವ ಪಂದ್ಯವನ್ನೂ ಆಡಲಿಲ್ಲ.

ಇದಕ್ಕೆ ವೈದ್ಯರು ಹೇಳುವ ಹೆಸರು ಕನ್ಕಷನ್. ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲಿಕೊಂಡಿರುವ ಮೆತ್ತಗಿನ ಅಂಗ. ತಲೆಗೆ ಪೆಟ್ಟು ಬಿದ್ದಾಗ, ಎಷ್ಟೋ ಸಲ ಬರೀ ಮೈಗೆ ಜೋರಾಗಿ ಡಿಕ್ಕಿಯಾದಾಗಲೂ, ಅದು ಒಳಗೇ ಅಲುಗಾಡಿ ತಿರುಚಿಕೊಳ್ಳುತ್ತದೆ. ನರಕೋಶಗಳ ಕೆಲಸ ಏರುಪೇರಾಗುತ್ತದೆ. ರಕ್ತ ಬರಬೇಕೆಂದಿಲ್ಲ, ಎಚ್ಚರ ತಪ್ಪಬೇಕೆಂದೂ ಇಲ್ಲ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಬಹುಪಾಲು ಏನೂ ಕಾಣುವುದಿಲ್ಲ. ಹೆಚ್ಚಿನವರು ಕೆಲವು ವಾರಗಳ ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಅದು ಬಿಡುವುದೇ ಇಲ್ಲ. ಒಂದೇ ಬಗೆಯ ಆಟಗಳಲ್ಲಿ, ಫುಟ್‌ಬಾಲ್‌ನಲ್ಲಂತೂ, ಹುಡುಗರಿಗಿಂತ ಹುಡುಗಿಯರಲ್ಲಿ ಕನ್ಕಷನ್ ಹೆಚ್ಚಾಗಿ ದಾಖಲಾಗಿದೆ.

ಬ್ರಿಯಾನಾಳಿಗೆ ಬಿಡಲಿಲ್ಲ. ಕಿವಿಯ ಹಿಂದಿನಿಂದ ಹೊರಡುವ ತಲೆನೋವು ದಿನವಿಡೀ ಕಾಡುತ್ತಿತ್ತು. ಬೆಳಕು ಚುಚ್ಚುತ್ತಿತ್ತು, ಸದ್ದು ಸಹಿಸಲಾಗುತ್ತಿರಲಿಲ್ಲ, ಓದಿದ್ದು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, ನಡೆದರೆ ತೋಲನ ತಪ್ಪುತ್ತಿತ್ತು. ಒತ್ತಡದ ನಡುವೆ ತಣ್ಣಗೆ ನಿಲ್ಲುವ ಮನಸ್ಸೇ ಅವಳ ಬಂಡವಾಳವಾಗಿತ್ತು. ಈಗ ಆ ಮನಸ್ಸನ್ನೇ ಖಿನ್ನತೆ ಹಿಡಿಯಿತು. ಕೆಲಸ ಮಾಡಲಾಗದು, ಲೀಗ್ ಮುಚ್ಚಿತು. ವಿಮಾ ಕಂಪನಿಯೊಡನೆ ಚಿಕಿತ್ಸೆಯ ಖರ್ಚಿಗಾಗಿ ವರ್ಷಗಟ್ಟಲೆ ಗುದ್ದಾಟ. ಮುರಿದ ಮೂಳೆಗೆ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ. ಇದಕ್ಕೆ ಸಾಕ್ಷಿ ಅವಳ ಮಾತೊಂದೇ, ಅದನ್ನು ನಂಬಲು ತಯಾರಿದ್ದವರು ಕಡಿಮೆ. ಪದಕಗಳು ಗಿರವಿ ಅಂಗಡಿ ಸೇರಿದ್ದು ಈ ದಿನಗಳಲ್ಲಿ. ಬದುಕೇ ಸಾಕು ಎನ್ನಿಸಿದ ಗಳಿಗೆಯೂ ಬಂದಿತ್ತು. ಸುದ್ದಿ ಕೇಳಿದರೆ ತಾಯಿ ಏನಾದಾರು ಎಂಬ ಯೋಚನೆ ತನ್ನನ್ನು ಹಿಂದಕ್ಕೆಳೆಯಿತು ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಹಾಗೆ ಹೇಳಿಕೊಂಡದ್ದು ಅವಳು ತಡೆದ ಯಾವ ಪೆನಾಲ್ಟಿಗಿಂತಲೂ ಧೈರ್ಯದ ಕೆಲಸ ಎಂದು ನಾನು ನಂಬಿದ್ದೇನೆ.

ವಾಷಿಂಗ್ಟನ್‌ನಲ್ಲಿ ಸಾರ್ವಜನಿಕ ಸಂಪರ್ಕ ಸಂಸ್ಥೆ ನಡೆಸುತ್ತಿದ್ದ ಕ್ರಿಸಾ ಜೀಜೋಸ್ ಎಂಬಾಕೆ ಅವಳ ಪರ ನಿಂತಳು. ವಿಮೆಯವರೊಡನೆ ಹೋರಾಡಲು, ಪದಕಗಳನ್ನು ಬಿಡಿಸಿಕೊಳ್ಳಲು ನೆರವಾದಳು. ಮುಂದೆ ಇಬ್ಬರೂ ಮದುವೆಯಾದರು. ಕೊನೆಗೆ ವೈದ್ಯರು ಕಂಡುಹಿಡಿದದ್ದು, ತಲೆಯ ಹಿಂಬದಿಯ ಆಕ್ಸಿಪಿಟಲ್ ನರಕ್ಕೆ ಆ ಪೆಟ್ಟಿನಲ್ಲಿ ಗಾಯವಾಗಿದೆ, ನೋವಿನ ಮೂಲ ಅಲ್ಲಿದೆ ಎಂದು. 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಜಾರ್ಜ್‌ಟೌನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮೂರು ವರ್ಷಕ್ಕೂ ಮೀರಿ ಹಿಡಿದಿದ್ದ ಆ ನೋವು ಹೋಯಿತು. ನೆನಪು, ತೋಲನ, ಮನಸ್ಸು ಸರಿಯಾಗಲು ಇನ್ನೂ ಬಹಳ ದಿನಗಳ ಚಿಕಿತ್ಸೆ ಬೇಕಾಯಿತು.

2014ರ ಮಾರ್ಚ್‌ನಲ್ಲಿ ಆಕೆ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ಮುಂದೆ ಕುಳಿತು, ಮೊಣಕಾಲು ಬಡಿದ ಕ್ಷಣದಿಂದ ಎಲ್ಲವನ್ನೂ ಹೇಳಿದಳು. ವಕೀಲೆಯಾಗಬೇಕೆಂದಿದ್ದವಳು ಕೊನೆಗೂ ವಾದ ಮಂಡಿಸಿದ್ದು ತನ್ನದೇ ತಲೆಯ ಪರವಾಗಿ, ಮೈದಾನದಲ್ಲಿರುವ ಮಕ್ಕಳ ಪರವಾಗಿ. 2016ರಲ್ಲಿ ವಾಷಿಂಗ್ಟನ್‌ನಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಅವಳ ಜೆರ್ಸಿಗೆ ಜಾಗ ಸಿಕ್ಕಿತು. ಮರುವರ್ಷ ಅಮೆರಿಕದ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದಳು. ಆ ಗೌರವ ಪಡೆದ ಮೊದಲ ಕಪ್ಪು ಮಹಿಳೆ, ಮೊದಲ ಮಹಿಳಾ ಗೋಲ್‌ಕೀಪರ್. 2016ರಲ್ಲೇ ಬ್ರಾಂಡಿ ಚಾಸ್ಟೇನ್, ತಾನು ಸತ್ತ ಮೇಲೆ ತನ್ನ ಮಿದುಳನ್ನು ಈ ಬಗೆಯ ಪೆಟ್ಟುಗಳ ಸಂಶೋಧನೆಗೆ ಕೊಡುವುದಾಗಿ ಪ್ರಕಟಿಸಿದಳು. 1999ರ ಆ ಬಿಸಿಲಿನಲ್ಲಿ ಚೆಂಡಿಗೆ ತಲೆ ಕೊಟ್ಟವರೆಲ್ಲ ಈಗ ತಮ್ಮ ತಲೆಯ ಬಗ್ಗೆ ಯೋಚಿಸುವ ವಯಸ್ಸಿಗೆ ಬಂದಿದ್ದಾರೆ.

ನಿಯಮಗಳೂ ನಿಧಾನವಾಗಿ ಬದಲಾಗಿವೆ. ತಲೆಗೆ ಪೆಟ್ಟಾದ ಶಾಲಾ ಆಟಗಾರರನ್ನು ಅಂದೇ ಹೊರಗೆ ಕರೆಯಬೇಕು, ತಜ್ಞರ ಒಪ್ಪಿಗೆಯಿಲ್ಲದೆ ಮತ್ತೆ ಇಳಿಸಬಾರದು ಎಂಬ ಕಾನೂನನ್ನು ವಾಷಿಂಗ್ಟನ್ ರಾಜ್ಯ 2009ರಲ್ಲಿ ತಂದಿತು. 2014ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಕನ್ಕಷನ್ ಬಗ್ಗೆ ಒಂದಲ್ಲ ಒಂದು ಕಾನೂನು ಬಂತು. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಚೆಂಡಿಗೆ ತಲೆ ಕೊಡುವುದನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ 2015ರಲ್ಲಿ ನಿಲ್ಲಿಸಿತು. ಕ್ರಿಕೆಟ್‌ನಲ್ಲಿ ಕನ್ಕಷನ್ ಆದವರಿಗೆ 2019ರಿಂದ ಬದಲಿ ಆಟಗಾರನ ಅವಕಾಶವಿದೆ. ಆರ್ಚರ್ ಎಸೆತ ಬಡಿದು ಸ್ಟೀವ್ ಸ್ಮಿತ್ ಹೊರಗುಳಿದಾಗ ಲಾರ್ಡ್ಸ್‌ನಲ್ಲಿ ಲಾಬುಶೇನ್ ಬ್ಯಾಟು ಹಿಡಿದು ಬಂದದ್ದು ನಮ್ಮ ಓದುಗರಿಗೆ ನೆನಪಿರಬಹುದು. ಫುಟ್‌ಬಾಲ್ ನಿಯಮಾವಳಿಯಲ್ಲಿ ಇಂಥ ಬದಲಿ ಆಟಗಾರರ ಅವಕಾಶಕ್ಕೆ ಕಾಯಂ ಜಾಗ ಸಿಕ್ಕಿದ್ದು 2024ರಲ್ಲಿ. ಅದನ್ನು ಅಳವಡಿಸಿಕೊಳ್ಳುವುದು ಆಯಾ ಟೂರ್ನಿಯವರಿಗೆ ಬಿಟ್ಟದ್ದು.

ಈ ನಿಯಮಗಳೆಲ್ಲ ವೈದ್ಯರು ಬೆಂಚಿನಲ್ಲಿ ಕುಳಿತಿರುವ ಪಂದ್ಯಗಳಿಗೆ. ನಮ್ಮ ಶಾಲೆಯ ಮೈದಾನಗಳಲ್ಲಿ ಕಬಡ್ಡಿ, ಕೊಕ್ಕೊ, ಫುಟ್‌ಬಾಲ್ ಆಡುವ ಮಕ್ಕಳ ಪಕ್ಕ ವೈದ್ಯರಿರುವುದಿಲ್ಲ. ಒಬ್ಬ ದೈಹಿಕ ಶಿಕ್ಷಕರೋ ಶಿಕ್ಷಕಿಯೋ ಇದ್ದರೆ ಪುಣ್ಯ. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿಯಲು ಬಗ್ಗಿದವಳ ತಲೆಗೆ ಮೊಣಕಾಲು ಬಡಿಯುವುದು ದಿನನಿತ್ಯದ ಮಾತು. “ಏನಾಗಿಲ್ಲ ಏಳು, ನೀರು ಕುಡಿ, ಆಡು” ಎನ್ನುತ್ತೇವೆ. ಬುಗುಟು ಬಂದರೆ ಒಳ್ಳೆಯದು, ಒಳಗೇನೂ ಆಗಿಲ್ಲ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಬುಗುಟಿಗೂ ಮಿದುಳಿನ ಪೆಟ್ಟಿಗೂ ಅಂಥ ಲೆಕ್ಕವಿಲ್ಲ.

ಆದ್ದರಿಂದ ಈ ಲೇಖನ ಓದುವ ತಂದೆತಾಯಿಯರಲ್ಲಿ, ಶಾಲೆಯ ಶಿಕ್ಷಕರಲ್ಲಿ, ಊರ ಟೂರ್ನಿ ನಡೆಸುವ ಯುವಕ ಸಂಘಗಳಲ್ಲಿ ಕೇಳಿಕೊಳ್ಳುವುದು ಇಷ್ಟು. ತಲೆಗೆ ಪೆಟ್ಟಾದ ಮಗು ತಲೆಸುತ್ತು, ವಾಕರಿಕೆ, ಮಂಜು ದೃಷ್ಟಿ, ತಲೆನೋವು ಎಂದರೆ, ಮಂಕಾಗಿದ್ದರೆ, ಸ್ಕೋರು ಎಷ್ಟೆಂದು ಕೇಳಿದರೆ ತಡವರಿಸಿದರೆ, ಆಟದಿಂದ ಹೊರಗೆ ಕರೆಯಿರಿ. ಆ ದಿನ ಮತ್ತೆ ಇಳಿಸಬೇಡಿ, ಫೈನಲ್ ಆದರೂ ಸರಿ. ಒಂದು ಪೆಟ್ಟು ಆರುವ ಮುಂಚೆ ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯವಾಗಬಹುದು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಿನ ನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವಾರಗಳ ಮೇಲೆ ಮಗು ಸಿಡುಕಾದರೆ, ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂದರೆ, ಸುಮ್ಮನೆ ಮೂಲೆ ಸೇರಿದರೆ ಸೋಮಾರಿತನ ಎನ್ನಬೇಡಿ, ವೈದ್ಯರಿಗೆ ತೋರಿಸಿ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡುವವರಿದ್ದಾರೆ. ಮತ್ತು ಮಗು ತಲೆ ನೋಯುತ್ತಿದೆ ಎಂದಾಗ, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ, ದಯವಿಟ್ಟು ನಂಬಿ.